ಎಡಗಡೆಯ ಎರಡನೇ ಹಲ್ಲು

ಕಿಟಕಿಯ ಬಿಸಿಲು ಮೇಜಿನ ಮೇಲೆ ಸರಿದಾಗ ಅಮ್ಮನ ಹಲ್ಲುಸೆಟ್ಟಿನಲ್ಲಿ ಎಡಗಡೆಯ ಎರಡನೇ ಹಲ್ಲು ಮಾತ್ರ ಬೇರೆ ಥರ ಮಿನುಗಿತು, ಇಲ್ಲ, ಹಾಗೆ ಕಂಡಿರಬೇಕು, ಬೆಳಗ್ಗೆಯಿಂದ ಬಗ್ಗಿ ಕೂತು ಕತ್ತು ಹಿಡಿದಿದೆ, ಇನ್ನೊಂದು ಸಲ ತಿರುಗಿಸಿ ನೋಡಿದರೆ — ಇದೆ, ಕೂದಲೆಳೆಯಷ್ಟು ಓರೆ ಇದೆ, ಪಕ್ಕದ ಹಲ್ಲಿಗೆ ಭುಜ ಕೊಟ್ಟು ನಿಂತಂತೆ, ಬೇರೆ ಯಾರಿಗೂ ಕಾಣದು, ಹಲ್ಲಿನ ಡಾಕ್ಟರು ಮುಂದಿನ ಕೋಣೆಯಿಂದ ಬಂದು ಕನ್ನಡಕ ಹಣೆಗೇರಿಸಿ ನೋಡಿದರು, ಅವರಿಗೇ ಕಾಣಲಿಲ್ಲ, ಮುತ್ತು ಪೋಣಿಸಿದ ಹಾಗಿದೆಯಲ್ಲಮ್ಮ, ಇವತ್ತೇ ಮನೆಗೆ ತಗೊಂಡು ಹೋಗು, ನಿಮ್ಮಮ್ಮ ಇನ್ನೆಷ್ಟು ದಿನ ಬೊಚ್ಚುಬಾಯಲ್ಲಿ ಇರಬೇಕು. ಇಪ್ಪತ್ತೆರಡು ವರ್ಷದಿಂದ ಈ ಹಿಂದಿನ ಕೋಣೆಯಲ್ಲಿ ಕೂತು ಊರವರ ಬಾಯಿಗೆಲ್ಲ ಹಲ್ಲು ಕಟ್ಟಿದ್ದೇನೆ, ದಾರಿಯಲ್ಲಿ ಯಾರಾದರೂ ನಕ್ಕರೆ ಮುಖ ನೋಡುವುದಿಲ್ಲ, ಹಲ್ಲು ನೋಡುತ್ತೇನೆ, ಅಂಚೆಯವರು ಮಾತಾಡುವಾಗ ಕೆಳಗಿನ ಸಾಲು ತುಸು ಮುಂದಕ್ಕೆ ಬಂದಿದೆ ಎನ್ನಿಸಿದರೆ ಸಾಕು, ನನ್ನದೇ ಕೆಲಸ ಅದು, ಆ ದಿನವೆಲ್ಲ ಊಟ ಸೇರುವುದಿಲ್ಲ, ಅವರೋ ಅದೇ ಹಲ್ಲಲ್ಲಿ ಕಟಕಟ ಅಂತ ಕಡಲೆ ಅಗಿಯುತ್ತಾ ಸೈಕಲ್ ಹತ್ತಿ ಹೋಗುತ್ತಾರೆ.

ಕಿತ್ತು ಮತ್ತೆ ಕೂರಿಸಲೇ, ಒಂದೇ ಹಲ್ಲು, ಎರಡು ಗಂಟೆಯ ಕೆಲಸ, ಆದರೆ ಅದನ್ನು ಸರಿಸಿದರೆ ಪಕ್ಕದ್ದು ಓರೆ ಎನಿಸುತ್ತದೆ, ಆಮೇಲೆ ಅದರ ಪಕ್ಕದ್ದು, ಅಪ್ಪನ ಸೆಟ್ಟಿಗೂ ಹೀಗೇ ಅಲ್ಲವೇ ಆದದ್ದು. ಅಪ್ಪ — ಕೆಲಸದಿಂದ ಬರುವಾಗ ಮೆಟ್ಟಿಲ ಬುಡದಲ್ಲೇ ಸಿಳ್ಳೆ ಶುರು, ಎರಡು ಗಿಡ್ಡ, ಆಮೇಲೆ ಒಂದು ಉದ್ದ, ಉದ್ದದ್ದು ಮುಗಿಯುವುದರೊಳಗೆ ನಾನು ಓಡಿ ಬಂದು ಬಾಗಿಲು ತೆಗೆಯಬೇಕು, ಇಲ್ಲದಿದ್ದರೆ ಸೋತೆ, ನಾನು ಗೆಲ್ಲಲೆಂದೇ ಎಷ್ಟೋ ಸಲ ಮುಖ ಕೆಂಪಾಗುವವರೆಗೂ ಎಳೆಯುತ್ತಿದ್ದರು. ಹಲ್ಲು ಹೋದ ಮೇಲೆ ಬರೀ ಗಾಳಿ, ಫುಸ್ ಫುಸ್, ಕುಕ್ಕರಿನ ರಬ್ಬರ್ ಹೋಗಿದೆ ನೋಡೇ ಅಂತ ಅಮ್ಮ ನಗುತ್ತಿದ್ದಳು. ಅಪ್ಪನದು ಒಂದೇ ಮಾತು, ಊಟ ಹೇಗೋ ಆಗುತ್ತೆ ಕಣೇ, ಮೆತ್ತಗೆ ಕಲಸಿಕೊಂಡು ನುಂಗ್ತೀನಿ, ನನಗೆ ಸಿಳ್ಳೆ ಹೊಡಿಯೋ ಹಲ್ಲು ಕಟ್ಟಿಕೊಡು. ಕಟ್ಟಿದೆ, ಹದಿನೈದೇ ದಿನಕ್ಕೆ ಕಟ್ಟಿದೆ, ಅಪ್ಪ ಕನ್ನಡಿ ನೋಡಲಿಲ್ಲ, ನೇರ ಹೋಗಿ ಮೆಟ್ಟಿಲ ಬುಡದಲ್ಲಿ ನಿಂತರು, ಎರಡು ಗಿಡ್ಡ ಬಂದವು, ಉದ್ದದ್ದು ಅರ್ಧಕ್ಕೇ ಮುರಿಯಿತು, ಬಾಯ್ತುಂಬ ನಕ್ಕರು, ಆ ನಗುವಿನಲ್ಲಿ ನಾನು ಕಂಡದ್ದೇನು, ಅಪ್ಪನನ್ನಲ್ಲ, ಮೇಲಿನ ಸಾಲಿನ ನಡುಗೆರೆ ಮೂಗಿನ ನೇರಕ್ಕೆ ಇಲ್ಲದ್ದನ್ನು. ಕೊಡಿ ಅಪ್ಪ, ಸ್ವಲ್ಪ ಸರಿ ಮಾಡಬೇಕು. ಬಿಡೇ, ಇದೇ ಚೆನ್ನಾಗಿದೆ, ಅಭ್ಯಾಸ ಆದರೆ ಉದ್ದದ್ದೂ ಬರುತ್ತೆ. ಒಂದು ವಾರ ಅಷ್ಟೇ ಅಪ್ಪ. ಅಂಗೈ ಚಾಚಿದೆ. ಅವರು ಮುಖ ಆಚೆ ತಿರುಗಿಸಿ ಹಲ್ಲು ತೆಗೆದು, ಅಂಗಿಯ ತುದಿಗೆ ಒರೆಸಿ, ನನ್ನ ಅಂಗೈಯಲ್ಲಿಟ್ಟರು, ಬೆಚ್ಚಗಿತ್ತು. ಒಂದು ವಾರ ಹೋಗಿ ಐದು ತಿಂಗಳು, ನಡುಗೆರೆ ಸರಿಯಾದಾಗ ಬಣ್ಣ ಹೆಚ್ಚು ಬಿಳಿ, ಬಣ್ಣ ಕೂಡಿದಾಗ ವಸಡು ದಪ್ಪ, ಸಂಜೆ ಮನೆಗೆ ಹೋದರೆ ಆಯ್ತೇನೇ ಎನ್ನುತ್ತಿದ್ದರು, ಆಯಿತು ಅಪ್ಪ, ಇನ್ನೇನು ಆಯಿತು, ಆಮೇಲಾಮೇಲೆ ಕೇಳುವುದನ್ನೂ ಬಿಟ್ಟರು, ಒಂದು ಮಧ್ಯಾಹ್ನ ಪೇಪರು ಓದುತ್ತಾ ಕುರ್ಚಿಯಲ್ಲಿ ಕೂತವರು ಹಾಗೇ ಹೋಗಿಬಿಟ್ಟರು. ಸೆಟ್ಟು ಆಗ ಇದೇ ಮೇಜಿನ ಮೇಲಿತ್ತು, ಉಜ್ಜಿದ ಪುಡಿ ಮೆತ್ತಿಕೊಂಡು. ಈಗಲೂ ಮೆಟ್ಟಿಲಲ್ಲಿ ಯಾರದೋ ಹೆಜ್ಜೆ ಕೇಳಿದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ, ಒಂದೇ ಒಂದು ಸಲ, ಅರ್ಧಕ್ಕೆ ಮುರಿದೇ ಬರಲಿ, ಗಾಳಿಯೇ ಬರಲಿ, ಓಡಿ ಹೋಗಿ ಬಾಗಿಲು —

ಇಲ್ಲ, ಮುಟ್ಟುವುದಿಲ್ಲ, ಡಬ್ಬಿಗೆ ಹಾಕು, ಮುಚ್ಚಳ ಒತ್ತು, ಚೀಲ ಹೆಗಲಿಗೆ, ಬಸ್ಸಿನಲ್ಲಿ ಮೂರು ಸಲ ಡಬ್ಬಿ ತೆಗೆಯಬೇಕೆನಿಸಿತು, ಮೂರು ಸಲವೂ ಕಿಟಕಿಯಾಚೆ ನೋಡಿದೆ, ಮನೆಯಲ್ಲಿ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದಳು, ತಂದ್ಯಾ, ನಿಜವಾಗ್ಲೂ ತಂದ್ಯಾ, ತೊಳೆದು ಬಾಯಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಕೆನ್ನೆ ಹಿಗ್ಗಿಸಿದಳು, ಈ ಎಂದಳು, ಓ ಎಂದಳು, ನಾಲಗೆ ಒಳಗೊಳಗೇ ಹಲ್ಲು ಎಣಿಸುತ್ತಾ ಹೋಗಿ ಒಂದು ಕಡೆ ನಿಂತಿತು. ಎಡಗಡೆ ಇದೊಂದು ಸ್ವಲ್ಪ ಓರೆ ಅಲ್ವೇನೇ? ಮುಟ್ಟಬಾರದೆಂದಿದ್ದೆ, ಆದರೆ ಕೈ — ನಾನಲ್ಲ, ಕೈ — ತಾನಾಗಿ ಮುಂದೆ ಹೋಯಿತು, ಕೊಡಮ್ಮ ಎಂಬಂತೆ, ಅಮ್ಮ ಅದನ್ನು ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದಳು, ತುಟಿ ಬಿಗಿದು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು, ಊಹೂಂ, ತಲೆಯಾಡಿಸುತ್ತಿದ್ದಾಳೆ, ಊಹೂಂ, ಕಣ್ಣಲ್ಲಿ ನಗುವಿಲ್ಲ, ನಾನು ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು, ತೆಗೆದುಕೊಳ್ಳುತ್ತೇನೆ, ಗೆರೆಗೆರೆಯಲ್ಲೂ ಬಿಳಿ ಪುಡಿ ಕೂತ ಅಂಗೈ, ಇನ್ನೂ ಚಾಚಿಕೊಂಡೇ ಇರುವ ಅಂಗೈ, ತಣ್ಣಗೆ, ಅಂಗೈ —