ಹನ್ನೊಂದನೇ ಪುಟದ ಎರಡು ಚುಕ್ಕೆ

ದೆವ್ವದ ಕಥೆ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾರಾದರೂ ಶುರು ಮಾಡಿದರೆ "ಸಾಕು ನಿಲ್ಸಿ, ಬೇರೆ ಕೆಲ್ಸ ಇಲ್ವಾ ನಿಮಗೆ" ಎಂದು ಎದ್ದು ಹೋಗುವವಳು ನಾನು. ಹಾಗಾಗಿ ಇದನ್ನು ಹೇಳಲು ನನಗೇ ಮುಜುಗರ. ಆದರೆ ಆ ಕಾಗದ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ, ಏನು ಮಾಡಲಿ?

ಮೊದಲು ಕೆಲಸದ ವಿಷಯ ಹೇಳಿಬಿಡುತ್ತೇನೆ. ಎದೆಯ ಸ್ನಾಯುಗಳಲ್ಲಿ ಶಕ್ತಿಯಿಲ್ಲದವರು ಮಲಗಿದಾಗ ಮಾಸ್ಕಿನ ಮೂಲಕ ಗಾಳಿ ಕೊಡುವ ಯಂತ್ರವೊಂದಿದೆ, ಮನೆಯಲ್ಲೇ ಇಟ್ಟುಕೊಳ್ಳುವಂಥದ್ದು. ಅದನ್ನು ನಡೆಸುವ ಸಾಫ್ಟ್‌ವೇರ್ ಯಾವ ಕಂಪನಿಯದ್ದೂ ಅಲ್ಲ. ಎಲ್ಲೆಲ್ಲೋ ಕೂತ ನಲವತ್ತು ಜನ ಬಿಟ್ಟಿಯಾಗಿ ಬರೆದು, ಯಾರು ಬೇಕಾದರೂ ತೆಗೆದುಕೊಳ್ಳಿ ಎಂದು ಬಿಟ್ಟಿರುವುದು. ಅದನ್ನು ಬಳಸುವುದು ಹೇಗೆಂದು ಮನುಷ್ಯರಿಗೆ ತಿಳಿಯುವ ಹಾಗೆ ಕೈಪಿಡಿ ಬರೆಯುತ್ತಿದ್ದವನು ನನ್ನ ಅಣ್ಣ. ಅವನ ಮಗಳಿಗೇ ಆ ಯಂತ್ರ ಬೇಕಿತ್ತಲ್ಲ, ಅದಕ್ಕೇ ಶುರು ಮಾಡಿದ್ದು. ಒಂಬತ್ತು ವರ್ಷ ಬರೆದ. ಎಂಟು ತಿಂಗಳ ಹಿಂದೆ ಹನ್ನೊಂದನೇ ಪುಟದ ಕೊನೆಯ ವಾಕ್ಯ ಶುರು ಮಾಡಿ, 'ಈಗ' ಎಂದು ಟೈಪ್ ಮಾಡಿ, ಮೇಜಿನ ಮೇಲೆ ತಲೆಯಿಟ್ಟವನು ಏಳಲಿಲ್ಲ. ಹೃದಯ ನಿಂತಿತ್ತು. ನಲವತ್ತಮೂರು ಒಂದು ವಯಸ್ಸಾ?

ಅವನ ಕೆಲಸ ನನ್ನ ಹೆಗಲಿಗೆ ಬಂತು. ಆ ಅರ್ಧ ವಾಕ್ಯವನ್ನು ಮುಗಿಸಲು ನನಗೆ ಕೈ ಬರಲಿಲ್ಲ, ಅಳಿಸಿಹಾಕಿದೆ. ಉಳಿದದ್ದನ್ನು ಅವನು ಕಲಿಸಿದ ಹಾಗೇ ನಡೆಸಿಕೊಂಡು ಬಂದೆ.

ಕೈಪಿಡಿಯನ್ನು ನಾವು ಬರಿಯ ಅಕ್ಷರಗಳಲ್ಲಿ ಬರೆಯುತ್ತೇವೆ. ಸಾಲಿನ ಕೆಳಗೆ ಗೆರೆ ಹಾಕಿದರೆ ಅದು ತಲೆಬರಹ, ಪದದ ಆಚೀಚೆ ನಕ್ಷತ್ರ ಹಾಕಿದರೆ ಅದು ದಪ್ಪಕ್ಷರ. ಸಾಲಿನ ಮೊದಲಿಗೆ ಎರಡು ಚುಕ್ಕೆ ಇಟ್ಟರೆ ಆ ಸಾಲು ಓದುಗರಿಗೆ ಕಾಣುವುದೇ ಇಲ್ಲ. ಬರೆಯುವವರಿಗೆ ಮಾತ್ರ ಕಾಣುತ್ತದೆ. ಅಣ್ಣನೂ ನಾನೂ ಅದನ್ನು ನಮ್ಮ ಖಾಸಗಿ ಅಂಚೆ ಮಾಡಿಕೊಂಡಿದ್ದೆವು. '.. ಮೆಣಸೇ, ಈ ಪ್ಯಾರಾ ಯಾಕಿಷ್ಟು ಖಾರ?' ಎಂದು ಅವನು ಬರೆಯುವುದು, '.. ನಿನ್ನ ಸಪ್ಪೆ ಬರವಣಿಗೆಗೆ ಅಷ್ಟಾದ್ರೂ ಬೇಡ್ವಾ' ಎಂದು ನಾನು ಕೆಳಗೆ ಬರೆಯುವುದು. ಜಗತ್ತಿನಲ್ಲಿ ನನ್ನನ್ನು ಮೆಣಸು ಎಂದು ಕರೆಯುತ್ತಿದ್ದವನು ಅವನೊಬ್ಬನೇ.

ಅವನದ್ದು ಇನ್ನೊಂದು ಕಟ್ಟುನಿಟ್ಟಿತ್ತು. ಪುಟ ಹೊರಗೆ ಹೋಗುವ ಮೊದಲು, ಬರೆದ ಫೈಲನ್ನಲ್ಲ, ಓದುಗರಿಗೆ ಕಾಣುವ ಪುಟವನ್ನು ಗಟ್ಟಿಯಾಗಿ ಓದಬೇಕು. ಮಗಳ ಮಂಚದ ಪಕ್ಕ ಕೂತು ಓದುತ್ತಿದ್ದ. ನಾನು ಅದನ್ನು ಬಿಟ್ಟುಬಿಟ್ಟಿದ್ದೆ. ಕೇಳುವವರಿಲ್ಲದ ಕೋಣೆಯಲ್ಲಿ ಹುಚ್ಚಿಯ ಹಾಗೆ ಒಬ್ಬಳೇ ಓದಿಕೊಳ್ಳಲಾ?

ನನ್ನ ಕೋಣೆ ಸೈಕಲ್ ಅಂಗಡಿಯ ಮೇಲಿದೆ. ಹಗಲೆಲ್ಲ ಕೆಳಗಿನಿಂದ ಪಂಪಿನ ಸದ್ದು ಬರುತ್ತಿರುತ್ತದೆ, ಉಸ್, ಉಸ್ ಅಂತ. ಆ ಸೋಮವಾರ ಬೆಳಿಗ್ಗೆ ಹೊಸ ಆವೃತ್ತಿಗಾಗಿ ಹನ್ನೊಂದನೇ ಪುಟ ತೆರೆದೆ. ಫಿಲ್ಟರ್ ಬದಲಿಸುವ ಪುಟ ಅದು. ತಲೆಬರಹದ ಕೆಳಗೆ ಒಂದು ಸಾಲಿತ್ತು: '.. ಮೆಣಸೇ, ಇದನ್ನು ಗಟ್ಟಿಯಾಗಿ ಓದು.'

ಹಳೆಯದೇನೋ ಉಳಿದಿರಬೇಕು ಅಂದುಕೊಂಡೆ. ಅಳಿಸಿದೆ.

ಮಂಗಳವಾರ ಅದೇ ಜಾಗದಲ್ಲಿ ಅದೇ ಸಾಲು. ಯಾವ ಸಾಲನ್ನು ಯಾರು, ಯಾವತ್ತು ಬರೆದರು ಎಂಬ ದಾಖಲೆ ನಮ್ಮಲ್ಲಿರುತ್ತದೆ. ತೆಗೆದು ನೋಡಿದೆ. ಅಣ್ಣನ ಹೆಸರಿತ್ತು. ತಾರೀಖು ಆ ಮಂಗಳವಾರದ್ದೇ.

ನಲವತ್ತು ಜನರ ಕೆಲಸವನ್ನು ಕೂಡಿಸುವವರನ್ನು ನಾವು ಮೇಸ್ತ್ರಿ ಎನ್ನುತ್ತೇವೆ. ಅವರಿಗೆ ಫೋನ್ ಹಚ್ಚಿ ಕೂಗಾಡಿದೆ. "ಸತ್ತವನ ಹೆಸರಲ್ಲಿ ಯಾರ್ರೀ ಆಟ ಆಡ್ತಿರೋದು? ನಾಚಿಕೆ ಆಗಲ್ವಾ?"

"ಅವರು ತೀರಿಕೊಂಡ ವಾರವೇ ಅವರ ಖಾತೆ ಮುಚ್ಚಿದ್ದೀನಮ್ಮಾ," ಎಂದರು ಮೇಸ್ತ್ರಿ. "ಯಾರೂ ಒಳಗೆ ಹೋಗೋಕಾಗಲ್ಲ. ನನ್ನ ಕಡೆ ಅಂಥ ಸಾಲೇ ಕಾಣ್ತಿಲ್ಲ. ನೀವು ಸ್ವಲ್ಪ ರೆಸ್ಟ್ ತಗೊಳ್ಳಿ."

ರೆಸ್ಟ್ ಅಂತೆ! ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ, ಹುಟ್ಟುಗುಣ. ಆಗ ನಾನು ಆ ಪುಟದ ನಾಲ್ಕನೇ ಹಂತದ ಹತ್ತಿರ ಕೆಲಸ ಮಾಡುತ್ತಿದ್ದೆ. ಹೊಸ ಆವೃತ್ತಿಯಲ್ಲಿ ಫಿಲ್ಟರ್ ಹಾಕಿದ ತಕ್ಷಣ ಹಸಿರು ದೀಪ ಹತ್ತುತ್ತದೆ, ಆದರೆ ಮುಂದಿನ ಮೂರು ನಿಮಿಷ ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ, ಗಾಳಿ ಬಿಡುವುದಿಲ್ಲ. ಅಷ್ಟರಲ್ಲಿ ಮಾಸ್ಕ್ ಹಾಕಿದರೆ, ಕೈಯೆತ್ತಿ ಅದನ್ನು ಕೀಳಲಾಗದವರು ಉಸಿರುಕಟ್ಟಿ ಹೋಗುತ್ತಾರೆ. ಆ ಎಚ್ಚರಿಕೆಯನ್ನು ನಾನೇ ಬರೆದಿದ್ದೆ, ಎದ್ದು ಕಾಣಲಿ ಎಂದು ಉಳಿದ ಸಾಲುಗಳಿಗಿಂತ ಒಳಕ್ಕೆ ಸರಿಸಿ. ಅದರ ಸರೀ ಮೇಲೆ ಎರಡು ಚುಕ್ಕೆ ಇಟ್ಟು ಕುಟ್ಟಿದೆ: '.. ಅರ್ಧ ವಾಕ್ಯ ಬಿಟ್ಟು ಓಡಿಹೋದವನೇ, ನನಗೆ ಹೇಳಿಕೊಡಲು ಬರಬೇಡ. ನೀನಿಲ್ಲದೆ ಇಲ್ಲಿ ಯಾವುದೂ ನಿಂತುಹೋಗಿಲ್ಲ.'

ಬರೆದಾದ ಮೇಲೆ ಒಂದು ಗಂಟೆ ಅತ್ತೆ. ಬುಧವಾರ ಬೆಳಿಗ್ಗೆ ಹೊಸ ಆವೃತ್ತಿ ಹೊರಗೆ ಹೋಯಿತು.

ಅತ್ತಿಗೆ ಫೋನ್ ಮಾಡಿದ್ದರು. "ಹೊಸದು ಬಂತಲ್ವಾ? ಇವತ್ತೇ ಫಿಲ್ಟರ್ ಬದಲಿಸೋ ದಿನ. ಊಟ ಆದ್ಮೇಲೆ ಹನ್ನೊಂದನೇ ಪುಟ ಪ್ರಿಂಟ್ ತೆಗೆದು ಅದರ ಪ್ರಕಾರ ಮಾಡ್ತೀನಿ." ಅತ್ತಿಗೆ ಬಟ್ಟೆ ಹೊಲಿಯುವವರು. ಅಳತೆಯ ಚೀಟಿಯಲ್ಲಿ ಇದ್ದದ್ದನ್ನು ನೂಲೆಳೆಯಷ್ಟೂ ಮೀರುವವರಲ್ಲ. ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಹಂತ ಮುಗಿಸುತ್ತ ಹೋಗುತ್ತಾರೆ.

ಊಟ ಮುಗಿಸಿ ಬಂದು ಫೈಲ್ ತೆರೆದೆ. ತಲೆಬರಹದ ಕೆಳಗೆ ಹೊಸ ಸಾಲು ಕೂತಿತ್ತು.

'.. ಮೆಣಸೇ, ಮರಿ ಎರಡು ಗಂಟೆಗೆ ಮಲಗುತ್ತಾಳೆ. ಗಟ್ಟಿಯಾಗಿ ಓದು.'

ಮರಿ ಎಂದರೆ ಅಣ್ಣನ ಮಗಳು, ಹದಿಮೂರು ವರ್ಷದವಳು. ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷವಿತ್ತು. ಕೆಳಗೆ ಪಂಪಿನ ಸದ್ದು ನಿಂತಿತ್ತು. ಯಾಕೆ ಅಂತ ಕೇಳಬೇಡಿ, ಓದುಗರಿಗೆ ಕಾಣುವ ಪುಟ ತೆರೆದು ಗಟ್ಟಿಯಾಗಿ ಓದತೊಡಗಿದೆ. "ಒಂದು, ಫೋನನ್ನು ದೂರ ಇಡಿ, ಗಮನ ಯಂತ್ರದ ಮೇಲಿರಲಿ. ಎರಡು, ಹಳೆಯ ಫಿಲ್ಟರ್ ತೆಗೆಯಿರಿ. ಮೂರು, ಹೊಸದನ್ನು ಒತ್ತಿ ಕೂರಿಸಿ. ನಾಲ್ಕು, ಹಸಿರು ದೀಪ ಹತ್ತುವವರೆಗೆ ಕಾಯಿರಿ. ಐದು, ಮಾಸ್ಕ್ ಹಾಕಿ."

ನನ್ನ ದನಿ ಅಲ್ಲೇ ನಿಂತಿತು. ನಾಲ್ಕಕ್ಕೂ ಐದಕ್ಕೂ ಮಧ್ಯೆ ಏನೂ ಇರಲಿಲ್ಲ.

ಫೈಲಿನಲ್ಲಿ ಎಚ್ಚರಿಕೆ ಇತ್ತು. ಪುಟದಲ್ಲಿ ಇರಲಿಲ್ಲ. ಆಮೇಲೆ ಹೊಳೆಯಿತು. ಎರಡು ಚುಕ್ಕೆಯ ಸಾಲಿನ ಕೆಳಗೆ ಒಳಕ್ಕೆ ಸರಿದು ಕೂತದ್ದೆಲ್ಲ ಆ ಸಾಲಿನ ಜೊತೆಗೇ ಮರೆಯಾಗುತ್ತದೆ. ಮೊದಲ ದಿನವೇ ಅಣ್ಣ ಹೇಳಿಕೊಟ್ಟದ್ದು. ಸತ್ತವನ ಮೇಲಿನ ನನ್ನ ಸಿಟ್ಟು ಆ ಎಚ್ಚರಿಕೆಯನ್ನು ನುಂಗಿ ಕೂತಿತ್ತು.

ಅತ್ತಿಗೆಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಹೇಗೆ ಎತ್ತುತ್ತಾರೆ, ಒಂದನೇ ಹಂತದಲ್ಲೇ ಫೋನ್ ದೂರ ಇಡಿ ಅಂತಿದೆಯಲ್ಲ! ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಓಡಿದೆ. ಎರಡು ಬೀದಿ ದಾಟಬೇಕು. ಬಿಸಿಲಿಗೆ ಕಾಲು ಸುಡುತ್ತಿತ್ತು. ಬಾಯಲ್ಲಿ ಒಂದೇ ಮಾತು, "ಬೇಡ ಅತ್ತಿಗೆ, ಬೇಡ, ಬೇಡ."

ಬಾಗಿಲು ತೆರೆದಿತ್ತು. ಹೊಲಿಗೆ ಮೆಷಿನ್ ದಾಟಿ ಒಳಕೋಣೆಗೆ ನುಗ್ಗಿದೆ. ಮರಿ ಮಂಚದ ಮೇಲೆ ಮಲಗಿದ್ದಳು, ಕಣ್ಣು ಬಿಟ್ಟುಕೊಂಡು. ಯಂತ್ರದ ಹಸಿರು ದೀಪ ಉರಿಯುತ್ತಿತ್ತು, ಸದ್ದಿರಲಿಲ್ಲ. ಅತ್ತಿಗೆ ಒಂದು ಕೈಯಲ್ಲಿ ಮಾಸ್ಕ್, ಇನ್ನೊಂದರಲ್ಲಿ ಕಾಗದ ಹಿಡಿದು ಗೊಂಬೆಯ ಹಾಗೆ ನಿಂತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಹಾಕ್ಬೇಡಿ!" ಎಂದೆ.

"ಹಾಕಿಲ್ಲ," ಎಂದರು ಅತ್ತಿಗೆ. "ನಾಲ್ಕನೇದು ಮುಗೀತು. ಆಮೇಲೆ ಇದೇನು ಬರ್ದಿದೆ? ಇದನ್ನ ಓದಿ ನನ್ನ ಕೈಯೇ ಏಳ್ಲಿಲ್ಲ ಕಣೇ."

ಕಾಗದ ಕಿತ್ತುಕೊಂಡು ನೋಡಿದೆ. ನಾಲ್ಕಕ್ಕೂ ಐದಕ್ಕೂ ನಡುವೆ ದಪ್ಪಕ್ಷರದಲ್ಲಿ ನನ್ನ ಸಾಲು ಅಚ್ಚಾಗಿತ್ತು. ಎಚ್ಚರಿಕೆ ಇಲ್ಲ, ಅದೊಂದೇ ಸಾಲು. ಯಾರಿಗೂ ಕಾಣಬಾರದ ಸಾಲು. ನೀನಿಲ್ಲದೆ ಇಲ್ಲಿ ಯಾವುದೂ ನಿಂತುಹೋಗಿಲ್ಲ. ಹದಿನೈದು ನಿಮಿಷದ ಹಿಂದೆ ನಾನು ಓದಿದ ಪುಟದಲ್ಲಿ ಇದಿರಲಿಲ್ಲ. ಆಮೇಲೆ ನೂರು ಸಲ ನೋಡಿದ್ದೇನೆ, ಎಲ್ಲೂ ಇಲ್ಲ. ಆ ಒಂದು ಹಾಳೆಯಲ್ಲಿ ಮಾತ್ರ ಇದೆ.

"ನೀನು ಬರೆದಿದ್ದಾ?" ಅತ್ತಿಗೆ ಕೇಳಿದರು.

"ಹೌದು. ಸುಳ್ಳು ಬರ್ದಿದ್ದೀನಿ ಅತ್ತಿಗೆ. ಎಲ್ಲಾ ನಿಂತುಹೋಗಿದೆ. ಅವನಿಲ್ದೆ ಒಂದು ಸಾಲು ನೆಟ್ಟಗೆ ಬರೆಯೋಕಾಗ್ತಿಲ್ಲ ನನಗೆ."

ಆಗ ಯಂತ್ರ ಒಮ್ಮೆ ನಡುಗಿತು. ಮೂರು ನಿಮಿಷ ಮುಗಿದಿತ್ತು. ಅತ್ತಿಗೆಯ ಕೈಯಲ್ಲಿದ್ದ ಮಾಸ್ಕಿನಿಂದ ಗಾಳಿ ಉಸ್ ಎಂದು ಹೊರಟು ಅವರ ಬೆರಳಿಗೆ ತಾಗಿತು. ನಡೆದದ್ದನ್ನು ನಾನು ಹೇಳಿದಾಗ ಅವರು ಮಾಸ್ಕನ್ನೂ ಮಗಳ ಮುಖವನ್ನೂ ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅತ್ತೆ," ಎಂದಳು ಮರಿ, ಮೆಲ್ಲಗೆ. "ಮಿಕ್ಕಿದ್ದು ಗಟ್ಟಿಯಾಗಿ ಓದು. ಅಪ್ಪ ಓದ್ತಿದ್ನಲ್ಲ, ಹಾಗೆ."

ಮಂಚದ ಅಂಚಿಗೆ ಕೂತೆ. "ಐದು, ಮಾಸ್ಕ್ ಹಾಕಿ," ಎಂದು ಓದಿದೆ. ಅತ್ತಿಗೆ ಹಾಕಿದರು. "ಆರು, ಎದೆ ಏರಿ ಇಳಿಯುವುದನ್ನು ನೋಡಿ." ನೋಡಿದೆವು, ಇಬ್ಬರೂ. ಏರಿತು, ಇಳಿಯಿತು. ನನ್ನ ಲೆಕ್ಕದಲ್ಲಿ ಪುಟ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೆಳಗೆ ಇನ್ನೊಂದು ವಾಕ್ಯವಿತ್ತು, ನಾನು ಅಳಿಸಿದ್ದು, ಅವನು ಒಂದೇ ಪದ ಬರೆದು ಬಿಟ್ಟುಹೋದದ್ದು. ಕಾಗದದಲ್ಲಿ ಅದು ಪೂರ್ತಿಯಾಗಿತ್ತು. ಗಟ್ಟಿಯಾಗಿ ಓದಿದೆ.

"ಈಗ ನೀವೂ ಉಸಿರು ಬಿಡಿ."

ಅತ್ತಿಗೆ ನಿಂತಲ್ಲೇ ಉಸಿರು ಬಿಟ್ಟರು.