ನಾನೇ ಪ್ರಶ್ನೆಪತ್ರಿಕೆ

ಉಳಿದ ದಿನ ನಾನು ಹದಿಮೂರನೇ ಮಂಚದ ರೋಗಿ, ಪರೀಕ್ಷೆಯ ಆ ದಿನ ಮಾತ್ರ ಪ್ರಶ್ನೆಪತ್ರಿಕೆ. ಡಾಕ್ಟರಿಕೆ ಓದುವ ಮಕ್ಕಳು ನನ್ನ ಕಥೆ ಕೇಳಿ, ಎದೆಗೆ ಸ್ಟೆತಸ್ಕೋಪ್ ಇಟ್ಟು, ಕಾಯಿಲೆ ಇಂಥದ್ದೆಂದು ಪರೀಕ್ಷಕರಿಗೆ ಹೇಳಬೇಕು. “ಹುಡುಗರು ಕೇಳಿದ್ದಕ್ಕೆ ಉತ್ತರ ಹೇಳಿ. ಪರೀಕ್ಷಕರು ಬಂದ್ಮೇಲೆ ಬಾಯಿಗೆ ಬೀಗ,” ಎಂದು ನರ್ಸಮ್ಮ ಬೆಳಿಗ್ಗೆಯೇ ಕಟ್ಟಪ್ಪಣೆ ಮಾಡಿದ್ದಳು. ಗಿರಾಕಿಗಳ ಜೊತೆ ಹರಟುತ್ತಲೇ ಜೀವಮಾನವೆಲ್ಲ ಬಟ್ಟೆ ಹೊಲಿದವನಿಗೆ ಇದೆಂಥ ಶಿಕ್ಷೆ!

ನನ್ನ ಪಾಲಿಗೆ ಬಂದದ್ದು ಒಬ್ಬಳು ತೆಳ್ಳಗಿನ ಹುಡುಗಿ. ಸ್ಟೆತಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಎದೆಗಿಟ್ಟಳು.

“ತಾತಾ, ಚಿಕ್ಕವರಿದ್ದಾಗ ಕೀಲು ಊದ್ಕೊಂಡು ಜ್ವರ ಬಂದಿತ್ತಾ?”

ಹಾಸಿಗೆ ಹಿಡಿದಾಗಿನಿಂದ ಯಾರೂ ಕೇಳದ ಮಾತು. “ಬಂದಿತ್ತಮ್ಮಾ. ಮಂಡಿ ಊದಿ, ಅಮ್ಮ ನನ್ನನ್ನ ಹೊತ್ಕೊಂಡೇ ಶಾಲೆಗೆ ಹೋಗ್ತಿದ್ಲು.”

ಅವಳ ಮುಖ ಅರಳಿತು. “ಬೇರು ಅಲ್ಲೇ ಇದೆ ತಾತಾ! ಆ ಜ್ವರಾನೇ ನಿಮ್ಮ ಹೃದಯದ ಕವಾಟ ಕೆಡಿಸಿದ್ದು,” ಎಂದು ನನಗೇ ಪಾಠ ಹೇಳಿದಳು. ಎಂಥ ಚುರುಕು! ಆಮೇಲೆ ದನಿ ತಗ್ಗಿಸಿದಳು. “ಎಲ್ಲಾ ಗೊತ್ತು. ಇಂಗ್ಲಿಷಲ್ಲಿ ಹೇಳೋವಾಗ್ಲೇ ನಾಲಿಗೆ ಕಟ್ಕೊಳ್ಳುತ್ತೆ. ಹೋದ ಸಲ ಅದಕ್ಕೇ ಫೇಲಾದೆ. ಈ ಸಲವೂ ಹೋದ್ರೆ ಓದು ಬಿಡಿಸ್ತೀನಿ ಅಂದಿದಾರೆ ಅಪ್ಪ.”

ಪರೀಕ್ಷಕರು ಬಂದರು. ಅವಳು ಇಂಗ್ಲಿಷಿನಲ್ಲಿ ಶುರು ಮಾಡಿದಳು. ನನ್ನ ಹೆಸರು, ವಯಸ್ಸು, ಕೆಲಸ ಎಲ್ಲ ಸರಾಗ. ಅವರು ನಡುವೆ ಏನೋ ಕೇಳಿದ್ದೇ ತಡ, ಗಾಡಿ ನಿಂತಿತು. ಅವರು ತಮ್ಮ ಮಂಡಿಯ ಮೇಲೆ ಪೆನ್ನು ತಟ್ಟಿ ಮತ್ತೆ ಕೇಳಿದಾಗ, ಇದು ಆ ಕೀಲುಜ್ವರದ ಪ್ರಶ್ನೆಯೆಂದು ನನಗೂ ಸುಳಿವು ಸಿಕ್ಕಿತು. ಹುಡುಗಿ ನನ್ನ ಮಂಡಿಯನ್ನೇ ನೋಡುತ್ತಿದ್ದಳು, ತುಟಿ ಮಾತ್ರ ಅಲುಗುತ್ತಿತ್ತು.

“ಸರ್, ಇವರಿಗೆ ಚಿಕ್ಕಂದಿನಲ್ಲಿ...” ಎಂದು ನಮ್ಮ ಭಾಷೆಯಲ್ಲಿ ಬಾಯಿ ತೆರೆದಳು.

“ಇಂಗ್ಲಿಷ್!” ಎಂದರು ಅವರು.

ಕಲಿತದ್ದೆಲ್ಲ ಗಂಟಲಲ್ಲಿ ಸಿಕ್ಕಿಕೊಂಡ ಮಗುವನ್ನು ಎಷ್ಟು ಹೊತ್ತು ನೋಡುತ್ತ ಮಲಗಿರಲಿ? ನರ್ಸಮ್ಮನ ಬೀಗ ಮುರಿದೆ.

“ಅವಳು ಕೇಳಿದಾಳೆ ಸಾರ್! ಚಿಕ್ಕಂದಿನಲ್ಲಿ ಮಂಡಿ ಊದಿತ್ತು, ಜ್ವರ ಬಂದಿತ್ತು. ಅದರಿಂದಲೇ ಹೃದಯ ಕೆಟ್ಟಿದ್ದು ಅಂತ ಅವಳೇ ಹೇಳಿದ್ಲು!”

ಪರೀಕ್ಷಕರು ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ನಮ್ಮ ಭಾಷೆಯಲ್ಲಿ, ನಮ್ಮ ಓಣಿಯವರಷ್ಟೇ ಸಲೀಸಾಗಿ ಅಂದರು: “ಯಜಮಾನ್ರೇ, ಎಂಥಾ ಕೆಲಸ ಮಾಡಿದ್ರಿ. ಇನ್ನೊಂದು ಅವಕಾಶ ಕೊಡೋಣ ಅಂತಿದ್ದೆ. ಉತ್ತರ ನಿಮ್ಮ ಬಾಯಿಂದ ಬಂತು, ಇನ್ನು ಇವಳಿಗೆ ಅಂಕ ಕೊಡೋ ಹಾಗಿಲ್ಲ.”

“ಹಾಗಾದ್ರೆ ಈಗ ನನ್ನ ಜೊತೆ ಆಡಿದ ಹಾಗೇ ಅವಳನ್ನೂ ನಮ್ಮ ಮಾತಲ್ಲೇ ಕೇಳ್ಬಿಡಿ ಸಾರ್,” ಎಂದು ಕೈ ಮುಗಿದೆ.

“ನಿಯಮ ನಾನು ಮಾಡಿದ್ದಲ್ಲ,” ಎಂದು ಅವರು ಮುಂದಿನ ಮಂಚದ ಕಡೆ ಹೊರಟರು.

ನನಗೆ ಅಳು ಬಂತು. ಹುಡುಗಿ ಮಾತ್ರ ಅಳಲಿಲ್ಲ. ನನ್ನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿ, ಹೊದಿಕೆ ಸರಿ ಮಾಡಿದಳು. ಆಮೇಲೆ ಪರೀಕ್ಷಕರ ಬೆನ್ನಿಗೆ ತಲೆ ಬಾಗಿಸಿ, “ಥ್ಯಾಂಕ್ಯೂ, ಸರ್,” ಅಂದಳು.

ಆ ಇಂಗ್ಲಿಷ್ ಮಾತನ್ನು ಎಲ್ಲೂ ತಡವರಿಸದೆ ಹೇಳಿದಳು.