ಪ್ಲಾಸ್ಟಿಕ್ ಬಿಚ್ಚದ ಕುರ್ಚಿ

ಮೊರಾವಾ ನದಿ ಉಕ್ಕಿ ಊರೊಳಗೆ ನುಗ್ಗಿದ ವರ್ಷ ಜನವೆಲ್ಲ ಅಟ್ಟ ಹತ್ತಿ ಕೂತಿದ್ದರೆ, ವಿತೊಮಿರ್ ಒಬ್ಬ ಮಾತ್ರ ಎದೆಮಟ್ಟದ ನೀರಿನಲ್ಲಿ ನಿಂತು ಬ್ರೆಡ್ಡು ತಿನ್ನುತ್ತಿದ್ದನಂತೆ. ಮೀನೊಂದು ಬಂದು ಬ್ರೆಡ್ಡಿನ ಅರ್ಧ ಕಚ್ಚಿಕೊಂಡು ಹೋದರೂ ಅವನು ಕದಲಲಿಲ್ಲವಂತೆ. ಮೀನಿನ ಮಾತು ನಂಬಬೇಕಾಗಿಲ್ಲ. ನಿಂತು ತಿನ್ನುತ್ತಿದ್ದ ಮಾತು ಮಾತ್ರ ಅಪ್ಪಟ ನಿಜ.

ಮನೆಗಳ ಮಾಡಿಗೆ ತಗಡು ಹೊದಿಸುವುದು ಅವನ ಕೆಲಸ. ಬಸ್ಸಿನಲ್ಲಿ ಕೂರುತ್ತಿದ್ದ, ಕ್ಷೌರದಂಗಡಿಯಲ್ಲಿ ಕೂರುತ್ತಿದ್ದ, ಮಾಡಿನ ತುದಿಯಲ್ಲಿ ಕಾಗೆಯ ಹಾಗೆ ಕೂರುತ್ತಿದ್ದ. ಊಟಕ್ಕೆ ಮಾತ್ರ ಕೂರುತ್ತಿರಲಿಲ್ಲ. ಒಲೆಯ ಪಕ್ಕ ಗೋಡೆಗೆ ಬೆನ್ನು ಕೊಟ್ಟು, ಬಟ್ಟಲನ್ನು ಎದೆಗವಚಿ ಹಿಡಿದು, ಸೂಪನ್ನು ಮೂರೇ ಗುಟುಕಿಗೆ ಮುಗಿಸಿಬಿಡುತ್ತಿದ್ದ. ಮದುವೆಯಲ್ಲಿ ಉಡುಗೊರೆ ಬಂದ ಆರು ಕುರ್ಚಿಗಳಲ್ಲಿ ಅವನದೊಂದು ಹದಿನಾಲ್ಕು ವರ್ಷವಾದರೂ ಅಂಗಡಿಯ ಪ್ಲಾಸ್ಟಿಕ್ ಸುತ್ತಿಕೊಂಡೇ ಇತ್ತು.

ಹೆಂಡತಿ ಝಾಗೊರ್ಕಾ ಮೊದಮೊದಲು ನಕ್ಕಳು, ಆಮೇಲೆ ಬೈದಳು, ಆಮೇಲೆ ಸುಮ್ಮನಾದಳು. ಅಕ್ಟೋಬರಿನಲ್ಲಿ ಒಂದು ದಿನ ಅವಳ ಸುಮ್ಮನಿರುವಿಕೆ ಮುಗಿಯಿತು. ಆರು ವರ್ಷದ ಮಗಳು ದುನ್ಯಾ ಬಟ್ಟಲು ಎತ್ತಿಕೊಂಡು ಹೋಗಿ ಅಪ್ಪನ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಕೂತ್ಕೊಂಡು ತಿನ್ನೇ."

"ಕೂತ್ರೆ ಗಂಟಲಲ್ಲಿ ಇಳಿಯಲ್ಲಮ್ಮ."

ಝಾಗೊರ್ಕಾ ಚಮಚ ಕೆಳಗಿಟ್ಟಳು. "ನೋಡು ವಿತೊ, ನಿನ್ನ ಹುಚ್ಚು ನಿನ್ನ ಹತ್ರ ಇದ್ದಷ್ಟು ದಿನ ನಾನು ತಡ್ಕೊಂಡೆ. ಈಗ ಅದು ಮಗೂಗೆ ಅಂಟಿದೆ. ಆರೋಗ್ಯ ಕೇಂದ್ರದಲ್ಲಿ ಆ ಮಾತಾಡಿಸೋ ಡಾಕ್ಟರಮ್ಮ ಇದಾರಲ್ಲ, ಅವರ ಹತ್ರ ಹೋಗು. ಸ್ಲಾವ ಹಬ್ಬದ ಹೊತ್ತಿಗೆ ನೀನು ಕೂತು ಉಣ್ಲಿಲ್ಲ ಅಂದ್ರೆ ಇವಳನ್ನ ಕರ್ಕೊಂಡು ನನ್ನ ತಮ್ಮನ ಮನೆಗೆ ಹೋಗ್ತೀನಿ."

ಮಾತಿಗಷ್ಟೇ ಹೇಳಿದ್ದಲ್ಲ. ಮಗಳ ಬಟ್ಟೆ ತುಂಬಿ ಬಾಯಿ ಕಟ್ಟಿದ ಚೀಲವೊಂದು ಮರುದಿನದಿಂದ ಬಾಗಿಲ ಹಿಂದೆ ಕೂತಿತು. ಆ ಮನೆಯಲ್ಲಿ ಕೂರಲು ಬರದವನು ಒಬ್ಬನೇ ಎಂದು ಅಣಕಿಸುವ ಹಾಗೆ.

ಆಪ್ತಸಲಹೆಗಾರ್ತಿ ವಿದೊಸಾವ ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಗುರುವಾರ ವಿತೊಮಿರ್ ಹೋಗಿ ಅವಳೆದುರು ಸರಾಗವಾಗಿ ಕೂತ. ಹವಾಮಾನ, ತಗಡು, ಚುನಾವಣೆ ಎಲ್ಲ ಮಾತಾಡಿದ. ಅವಳು ಎರಡು ಲೋಟ ಕಾಫಿ ತಂದು ಮೇಜಿನ ಮೇಲಿಟ್ಟಳು. ವಿತೊಮಿರ್ ಎದ್ದು ಹೋಗಿ ಗೋಡೆಗೆ ಒರಗಿ ನಿಂತ. ಅವಳೂ ಎದ್ದು ನಿಂತಳು.

"ನೀವ್ಯಾಕೆ ಎದ್ರಿ ಮೇಡಂ? ಕೂತ್ಕೊಳ್ಳಿ."

"ನೀವು ಎದ್ರಲ್ಲ, ಏನೋ ಬರ್ತಿದೆ ಅನ್ಕೊಂಡೆ."

ಅವನು ನಗಲು ನೋಡಿದ. ನಗು ಬರಲಿಲ್ಲ.

ಎರಡನೆಯ ಗುರುವಾರ ಅವನೇ ಒಂದು ಕಾರಣ ಕಟ್ಟಿಕೊಂಡು ಹೋದ. "ನಮ್ಮ ಪದ್ಧತಿ ನಿಮಗೆ ಗೊತ್ತಲ್ಲ ಮೇಡಂ. ಸ್ಲಾವ ಅಂದ್ರೆ ಮನೆತನದ ಸಂತನ ಹಬ್ಬ. ಅವತ್ತು ಅತಿಥಿಗಳು ಕೂತು ಉಣ್ತಾರೆ, ಯಜಮಾನ ನಿಂತು ಬಡಿಸ್ತಾನೆ. ನಾನು ಯಜಮಾನ. ನಿಲ್ತೀನಿ. ಇದರಲ್ಲಿ ಕಾಯಿಲೆ ಎಲ್ಲಿಂದ ಬಂತು?"

"ಸ್ಲಾವ ವರ್ಷಕ್ಕೆ ಒಂದು ದಿನ" ಎಂದಳು ವಿದೊಸಾವ. "ಉಳಿದ ಮುನ್ನೂರ ಅರವತ್ನಾಲ್ಕು ದಿನ ನಿಮ್ಮನೆಗೆ ಯಾರು ಬರ್ತಾರೆ?"

ವಿತೊಮಿರ್ ತಗಡಿನ ಲೆಕ್ಕ ಹಾಕುವವನ ಹಾಗೆ ಸೂರು ನೋಡಿದ. ಕೊನೆಗೆ, "ಅಪ್ಪ" ಎಂದ.

ಅಪ್ಪ ಸತ್ತು ಹದಿನಾರು ವರ್ಷವಾಗಿತ್ತು.

ಅಪ್ಪನದು ಕಲ್ಲಿದ್ದಲು ಸಾಗಿಸುವ ಲಾರಿ. ಯಾವ ಹೊತ್ತಿಗೆ ಬರುತ್ತಾನೆಂದು ಹೇಳುವಂತಿರಲಿಲ್ಲ. ಬಂದಾಗ ಹೆಂಡತಿ ಮಕ್ಕಳು ಆರಾಮಾಗಿ ಕೂತು ಉಣ್ಣುವುದು ಕಂಡರೆ, "ನಾನು ಹೊಗೆ ಕುಡೀತಾ ಸಾಯ್ತೀನಿ, ಇಲ್ಲಿ ದರಬಾರು" ಎಂದು ಮೇಜನ್ನೇ ಮಗುಚಿಹಾಕುತ್ತಿದ್ದ. ಅದಕ್ಕೆ ತಿರುವಿನಲ್ಲಿ ಲಾರಿಯ ಸದ್ದು ಕೇಳಿದೊಡನೆ ಅಮ್ಮ ಬ್ರೆಡ್ಡು ಎತ್ತಿಕೊಳ್ಳುತ್ತಿದ್ದಳು, ಎಂಟು ವರ್ಷದ ವಿತೊ ಸೂಪಿನ ಬಟ್ಟಲು ಎತ್ತಿಕೊಂಡು ಗೋಡೆಗೆ ಅಂಟುತ್ತಿದ್ದ. ಕ್ರಮೇಣ ಸದ್ದಿಗೆ ಕಾಯುವುದೂ ಯಾಕೆಂದು ಮೊದಲಿಂದಲೇ ನಿಂತು ಉಣ್ಣುವುದು ರೂಢಿಯಾಯಿತು.

ಇದನ್ನು ಅವನು ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿ ಮುಗಿಸಿದ.

"ಆಗ ನಿಂತಿದ್ದೇ ಸರಿ" ಎಂದಳು ವಿದೊಸಾವ. "ನೀವು ನಿಂತಿದ್ದಕ್ಕೇ ಸೂಪು ಉಳೀತು. ಎಂಟು ವರ್ಷದ ಹುಡುಗನಿಗೆ ಅದಕ್ಕಿಂತ ಒಳ್ಳೇ ಉಪಾಯ ಇರ್ಲಿಲ್ಲ. ಆದರೆ ಆ ಹುಡುಗನಿಗೆ ಲಾರಿ ಇನ್ನು ಬರಲ್ಲ ಅಂತ ಯಾರೂ ಹೇಳಿಲ್ಲ."

"ಹಾಗಾದ್ರೆ ಇವತ್ತಿಂದ ಕೂತ್ಬಿಡ್ಲಾ?"

"ನಾನ್ಯಾಕೆ ಹೇಳ್ಲಿ? ಕಾಲು ನಿಮ್ದು."

ಕಾಲು ಅಷ್ಟು ಸುಲಭಕ್ಕೆ ಮಾತು ಕೇಳಲಿಲ್ಲ. ಮೂರನೆಯ ವಾರ ಕುರ್ಚಿಯ ಬೆನ್ನು ಹಿಡಿದು ನಿಂತು ಉಂಡ. ನಾಲ್ಕನೆಯ ವಾರ ಒಂದು ಮೊಣಕಾಲನ್ನು ಕುರ್ಚಿಯ ಮೇಲಿಟ್ಟ. ಝಾಗೊರ್ಕಾ ನೋಡಿದಳು. ಚೀಲ ಬಾಗಿಲ ಹಿಂದೆಯೇ ಇತ್ತು.

ನವೆಂಬರಿನಲ್ಲಿ ಸ್ಲಾವ ಬಂತು. ಪಾದ್ರಿ ಬಂದು ಹಬ್ಬದ ರೊಟ್ಟಿ ಮುರಿದು ಹೋದರು. ನೆಂಟರು ಹದಿನೆಂಟು ಜನ. ವರ್ಷದಲ್ಲಿ ಆ ಒಂದು ದಿನ ವಿತೊಮಿರ್ ಎಲ್ಲ ಮನೆಯ ಯಜಮಾನರ ಹಾಗೆಯೇ ಕಾಣುತ್ತಿದ್ದ. ಇವತ್ತು ನಿಂತರೆ ಯಾರೂ ತಪ್ಪು ಹೇಳುವಂತಿರಲಿಲ್ಲ, ಹೆಂಡತಿಯೂ ಸಹ. ಶಾವಿಗೆ ಸೂಪಿನ ದೊಡ್ಡ ಪಾತ್ರೆ ಹಿಡಿದು ಬಡಿಸುತ್ತಾ ಬಂದ.

ಆಗ ಪಕ್ಕದ ಮನೆಗೆ ಸಿಮೆಂಟು ತಂದ ಲಾರಿಯೊಂದು ತಿರುವಿನಲ್ಲಿ ಗುಡುಗಿತು.

ವಿತೊಮಿರ್‌ಗೆ ಗೊತ್ತಾಗುವ ಮೊದಲೇ ಅವನ ಬೆನ್ನು ಗೋಡೆಗೆ ತಾಗಿತ್ತು, ಪಾತ್ರೆ ಎದೆಗೆ ತಾಗಿತ್ತು. ತಲೆ ಎತ್ತಿದ. ಎದುರಿನ ಗೋಡೆಗೆ ದುನ್ಯಾ ಬೆನ್ನು ಕೊಟ್ಟು ನಿಂತಿದ್ದಳು. ಬಟ್ಟಲನ್ನು ಎರಡೂ ಕೈಯಲ್ಲಿ ಅವಚಿಕೊಂಡು ಬಾಗಿಲ ಕಡೆ ನೋಡುತ್ತಿದ್ದಳು. ಆ ಹುಡುಗಿ ಅಜ್ಜನ ಮುಖವನ್ನೂ ಕಂಡವಳಲ್ಲ.

ವಿತೊಮಿರ್ ಪಾತ್ರೆಯನ್ನು ಮೇಜಿನ ನಡುವೆ ಇಟ್ಟ. ತನ್ನ ಕುರ್ಚಿ ಎಳೆದ. ಕೂತ. ಹದಿನಾಲ್ಕು ವರ್ಷದ ಪ್ಲಾಸ್ಟಿಕ್ ಬಂದೂಕು ಹಾರಿದ ಹಾಗೆ ಸದ್ದು ಮಾಡಿತು. ಕೋಳಿಗೂಡಿನಲ್ಲಿ ಎರಡು ಕೋಳಿ ಹೆದರಿ ಮೊಟ್ಟೆಯಿಟ್ಟವೆಂದು ಊರವರು ಈಗಲೂ ಹೇಳುತ್ತಾರೆ.

ಮುದುಕಿಯೊಬ್ಬಳು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಝಾಗೊರ್ಕಾಳ ತಮ್ಮ ಮಿಲೊಯೆ ಕೈತಟ್ಟಿದ. "ಅಯ್ಯೋ, ಸ್ಲಾವದ ದಿನ ಯಜಮಾನ ಕೂತ! ಭಾವ, ಪಟದಲ್ಲಿರೋ ಸಂತ ಕುದುರೆಯಿಂದ ಬಿದ್ದ ನೋಡು! ನನ್ನ ಲೋಟ ಖಾಲಿ, ಯಾರು ಹಾಕ್ತಾರೆ?"

"ಬಾಟ್ಲಿ ನಿನ್ನ ಮೂಗಿನ ಕೆಳಗೇ ಇದೆ. ಹಾಕ್ಕೋ."

ವಿತೊಮಿರ್‌ ತನ್ನ ಬಟ್ಟಲಿಗೆ ಸೂಪು ಹಾಕಿಕೊಂಡ. ಚಮಚ ತುಂಬಿದ, ನುಂಗಿದ. ಹೊರಗೆ ಲಾರಿ ಸಿಮೆಂಟು ಇಳಿಸಿ ಹೊರಟುಹೋಯಿತು. ಇನ್ನೊಂದು ಚಮಚ ತುಂಬಿದ.

ದುನ್ಯಾ ಸ್ವಲ್ಪ ಹೊತ್ತು ಬಾಗಿಲು ನೋಡಿದಳು, ಸ್ವಲ್ಪ ಹೊತ್ತು ಅಪ್ಪನನ್ನು ನೋಡಿದಳು. ಆಮೇಲೆ ಬಂದು ಪಕ್ಕದ ಕುರ್ಚಿ ಹತ್ತಿ ಕೂತು ಬಟ್ಟಲು ಕಲಕಿದಳು.

"ಅಪ್ಪಾ, ಶಾವಿಗೆ ಎಲ್ಲಾ ತಳದಲ್ಲೇ ಇದೆ!"

"ಹೌದಾ ಮಗಳೇ? ನಂಗೂ ಇವತ್ತೇ ಗೊತ್ತಾಗಿದ್ದು."

ಅವಳು ಉದ್ದದ ಶಾವಿಗೆಯೊಂದನ್ನು ಸೊರ್ರೆಂದು ಎಳೆದ ರಭಸಕ್ಕೆ ಬಟ್ಟಲು ಮಗುಚಿ ಸೂಪೆಲ್ಲ ಲಂಗದ ಮೇಲಾಯಿತು. ವಿತೊಮಿರ್ ತನ್ನ ಬಟ್ಟಲನ್ನು ಅವಳ ಮುಂದಕ್ಕೆ ತಳ್ಳಿದ.

ಝಾಗೊರ್ಕಾ ಎದ್ದು ಬಾಗಿಲ ಹಿಂದಿನ ಚೀಲದ ಗಂಟು ಬಿಚ್ಚಿ, ಒಗೆದ ಲಂಗವೊಂದನ್ನು ತೆಗೆದಳು. ಚೀಲವನ್ನು ಮತ್ತೆ ಕಟ್ಟಲಿಲ್ಲ.